ನಾಲ್ಕು ಲೋಟ ನೀರು

"ಪ್ರಯಾಣಿಕರ ಗಮನಕ್ಕೆ. ಒಂಬತ್ತನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಐದು ನಿಮಿಷದಲ್ಲಿ..." ಎಂದು ಶುರುವಾದ ವಾಕ್ಯ ಅಲ್ಲಿಗೇ ನಿಂತುಹೋಯಿತು. ಆಗಿದ್ದು ಇಷ್ಟೇ, ಮೈಕಿನಲ್ಲಿ ಕೂಗುತ್ತಿದ್ದವಳಿಗೊಂದು ಸೀನು ಬಂದಿತ್ತು. ಕಂಬಕಂಬದ ಧ್ವನಿವರ್ಧಕಗಳು ಆ ಸೀನನ್ನು ಇಡೀ ಬಸ್ ನಿಲ್ದಾಣಕ್ಕೆ ಕೇಳಿಸಿ ಸುಮ್ಮನಾದವು. ಗಾಜಿನ ಕೋಣೆಯೊಳಗೆ ಅವಳು ಮೈಕನ್ನು ಬೋರಲು ಹಾಕಿ, ವೇಳಾಪಟ್ಟಿಯ ದಪ್ಪ ರಟ್ಟಿನ ಕಡತವನ್ನು ಹಿಂದಕ್ಕೆ ಮರೆಯಾಗಿ ಹಿಡಿದುಕೊಂಡು ಎದ್ದಳು. ಓಡಲಿಲ್ಲ. ಓಡಿದರೆ ಇದ್ದದ್ದೂ ಹೋಗುತ್ತದೆಂದು ಅನುಭವದಿಂದ ಕಲಿತಿದ್ದಳು. ಒಂಬತ್ತನೇ ಅಂಕಣದವರು ಚೀಲಗಳನ್ನು ಹೆಗಲಿಗೇರಿಸಿಕೊಂಡು, ಉಳಿದರ್ಧ ವಾಕ್ಯಕ್ಕಾಗಿ ಮೇಲೆ ನೋಡುತ್ತ ನಿಂತೇ ಇದ್ದರು.

ಶೌಚಾಲಯದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂರುವ ಹೆಂಗಸು ಅವಳನ್ನು ಕಂಡವಳೇ ಕೊನೆಯ ಕೋಣೆಯ ಬಾಗಿಲನ್ನು ತಾನೇ ನೂಕಿ ತೆರೆದಳು. ಅವಳು ಹೊರಬಂದ ಮೇಲೆ, "ಇವತ್ತಿಗೆ ಇದು ಎಷ್ಟನೇದು ಮೈಕಮ್ಮ?" ಎಂದಳು.

"ಲೆಕ್ಕ ಇಡಬೇಡಕ್ಕ."

"ನಾನೆಲ್ಲಿ ಇಡ್ತೀನಿ? ಬಾಗಿಲು ಇಡುತ್ತೆ. ಅದರ ಕೀಲು ಸವೆದಿರೋದೇ ನಿನ್ನಿಂದ." ಅಷ್ಟು ಹೇಳಿ ನಕ್ಕವಳು, ಮೈಕಮ್ಮನ ಮುಖ ನೋಡಿ ದನಿ ತಗ್ಗಿಸಿದಳು. "ಜೀವಮಾನವೆಲ್ಲ ಬಸ್ಸಿನವರಿಗೆ ಹೋಲ್ಡಾನ್ ಹೋಲ್ಡಾನ್ ಅಂತ ಕೂಗಿದೆ. ಈಗ ನಿನ್ನ ಮೈಯೇ ನಿನ್ನ ಮಾತು ಕೇಳ್ತಿಲ್ಲ. ಡಾಕ್ಟರ ಹತ್ರ ಹೋಗು. ನಾಳೆ ಅಲ್ಲ, ಇವತ್ತು."

ಮೈಕಮ್ಮ ಎಂಬ ಅಡ್ಡಹೆಸರು ಬರುವ ಮೊದಲು ಅವಳು ಹತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದಳು. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಸಮುದ್ರದ ದಂಡೆಯ ಊರು ಮುಟ್ಟುವ ಹನ್ನೊಂದು ಗಂಟೆಯ ದಾರಿ ಅವಳದು. ಬಸ್ಸಿನ ಡ್ರೈವರು ಅವಳ ಗಂಡನೇ. ಆ ದಾರಿಯಲ್ಲಿ ಗಂಡಸರು ಯಾವ ಮರದ ಹಿಂದಾದರೂ ಇಳಿದು ಹೋಗಿ ಬರುತ್ತಿದ್ದರು. ಅವಳು ಮಾತ್ರ ಟಿಕೆಟಿನ ಕಟ್ಟುಗಳನ್ನು ಜೋಡಿಸುವವಳಂತೆ ತಲೆ ತಗ್ಗಿಸಿ ಸೀಟಿನಲ್ಲೇ ಕೂತಿರುತ್ತಿದ್ದಳು. ಬೆಳಿಗ್ಗೆ ಕುಡಿದ ಒಂದು ಗುಟುಕು ನೀರಿನಲ್ಲಿ ದಿನ ದೂಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ನಾಲ್ಕು ವರ್ಷದ ಕೆಳಗೆ, ನಗುವಾಗ ಒಂದು ಹನಿ, ಕೆಮ್ಮುವಾಗ ನಾಲ್ಕು ಹನಿ ಎಂದು ಶುರುವಾಗಿದ್ದು, ಬರಬರುತ್ತ ಕೀಲಿಕೈ ಬಾಗಿಲಿಗೆ ಹಾಕುವಷ್ಟು ಹೊತ್ತೂ ಕಾಯದಾಯಿತು. ಮಂಡಿನೋವು ಎಂದು ಅರ್ಜಿ ಬರೆದುಕೊಟ್ಟು ಗಾಜಿನ ಕೋಣೆ ಸೇರಿದಳು. ಮಂಡಿನೋವು ಮರ್ಯಾದಸ್ಥ ಕಾಯಿಲೆ, ಯಾರೆದುರು ಬೇಕಾದರೂ ಹೇಳಿಕೊಳ್ಳಬಹುದು. ಗಂಡನಿಗೂ ಅದನ್ನೇ ಹೇಳಿದ್ದಳು.

ಈಗ ದಿನವೂ ಏಳು ಗಂಟೆಗೆ ಆ ಬಸ್ಸನ್ನು ಕೂಗಿ ಕಳಿಸುವುದು ಅವಳ ಕೆಲಸ. ದಿನ ಬಿಟ್ಟು ದಿನ ಅದರಲ್ಲಿ ಗಂಡನಿರುತ್ತಿದ್ದ. ಸಂಜೆ ಐದರ ಹೊತ್ತಿಗೆ, ಮನೆಯಲ್ಲಿ ಒಬ್ಬಳೇ ಬಟ್ಟೆ ಮಡಚುತ್ತಿರುವಾಗ, ಬಸ್ಸು ಆ ಕಡೆಯ ತಿರುವಿಗೆ ಬಂದಿರಬೇಕು ಎಂದು ಅವಳ ಕೈ ನಿಲ್ಲುತ್ತಿತ್ತು. ಆ ತಿರುವಿನಲ್ಲಿ ಸಮುದ್ರ ಇದ್ದಕ್ಕಿದ್ದಂತೆ ಎದುರಿಗೆ ಬರುತ್ತದೆ. ಅಲ್ಲಿಗೆ ಬಂದಾಗ ಅವನು ಏನೂ ಹೇಳದೆ ವೇಗ ಇಳಿಸುತ್ತಿದ್ದ, ಅವಳು ಚೀಲ ಮುಚ್ಚಿ ಮುಂದಿನ ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಅವರಿಬ್ಬರೂ ಪ್ರೀತಿ ಗೀತಿ ಎಂದು ಮಾತಾಡಿದ್ದು ಅಪರೂಪ. ಆ ಅರ್ಧ ನಿಮಿಷವೇ ಎಲ್ಲಕ್ಕೂ ಸಾಕಾಗುತ್ತಿತ್ತು.

ಅವನಿಗೆ ತಿಂಗಳ ಮೂವತ್ತಕ್ಕೆ ನಿವೃತ್ತಿ. ಹೋದ ವಾರ ಬೂಟಿಗೆ ಬ್ರಷ್ ಉಜ್ಜುತ್ತ, ತಲೆಯೆತ್ತದೆ ಕೇಳಿದ್ದ. "ಮೂವತ್ತಕ್ಕೆ ಕೊನೇ ಟ್ರಿಪ್ಪು. ನೀನೂ ಬಾ. ಮುಂದಿನ ಸೀಟು ಇಡಿಸ್ತೀನಿ."

ಬರ್ತೀನಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದರ ಹಿಂದೆಯೇ ಹನ್ನೊಂದು ಗಂಟೆಗಳೂ ಬಂದವು. "ಈ ಮಂಡೀಲಿ ಎಲ್ಲಿ ಬರ್ಲಿ?" ಎಂದಳು.

"ಕೂತ್ಕೊಂಡೇ ಇದ್ರೆ ಮಂಡಿಗೇನಾಗುತ್ತೆ?"

"ಅಷ್ಟು ವರ್ಷ ಕೂತಿದ್ದು ಸಾಲದೇನ್ರೀ?" ಎಂದುಬಿಟ್ಟಳು, ಬೇಕೆಂದೇ ಗಡುಸಾಗಿ. ಹೊಳೆಯುತ್ತಿದ್ದ ಬೂಟನ್ನೇ ಇನ್ನೂ ಹತ್ತು ನಿಮಿಷ ಉಜ್ಜಿದ.

ಡಾಕ್ಟರು ಅವಳ ಮಾತನ್ನೆಲ್ಲ ಕೇಳಿಸಿಕೊಂಡು, "ಒಳಗೆ ಗಡ್ಡೆ ಗಿಡ್ಡೆ ಏನಾದ್ರೂ ಒತ್ತುತ್ತಿದೆಯಾ ನೋಡೋಣ" ಎಂದು ಸ್ಕ್ಯಾನಿಗೆ ಬರೆದರು. ಅದರ ಜೊತೆಗೊಂದು ಸೂಚನೆಯ ಚೀಟಿ. ಪರೀಕ್ಷೆಗೆ ಒಂದು ಗಂಟೆ ಮೊದಲು ನಾಲ್ಕು ದೊಡ್ಡ ಲೋಟ ನೀರು ಕುಡಿಯತಕ್ಕದ್ದು. ಮೂತ್ರ ವಿಸರ್ಜಿಸಕೂಡದು. ತುಂಬಿದ ಮೂತ್ರಕೋಶದೊಂದಿಗೆ ಬರತಕ್ಕದ್ದು.

ಶೌಚಾಲಯದ ಅಕ್ಕ ಅದನ್ನು ಓದಿಸಿಕೊಂಡು ಹಣೆ ಚಚ್ಚಿಕೊಂಡಳು. "ಇದೊಳ್ಳೇ ಕಥೆ! ಮೊದಲು ಮರ ಹತ್ತಿ ತೋರಿಸು, ಆಮೇಲೆ ಕುಂಟುಕಾಲಿಗೆ ಔಷಧಿ ಕೊಡ್ತೀನಿ ಅಂದಂಗಾಯ್ತು. ಫೋನ್ ಮಾಡಿ ಹೇಳು, ನನ್ನ ಕೈಲಿ ಆಗಲ್ಲ ಅಂತ."

ಫೋನೇನೋ ಮಾಡಿದಳು. ಆ ಕಡೆಯ ಹುಡುಗಿ ಚೀಟಿಯಲ್ಲಿದ್ದದ್ದನ್ನೇ ಒಂದೇ ಉಸಿರಿಗೆ ಒಪ್ಪಿಸಿ, "ಇನ್ನೇನಾದ್ರೂ ಕೇಳೋದಿತ್ತಾ ಮೇಡಂ?" ಎಂದಳು. ದಿನಕ್ಕೆ ಮುನ್ನೂರು ಬಸ್ಸುಗಳನ್ನು ಕೂಗುವ ಬಾಯಿಗೆ ಬೀಗ ಬಿದ್ದಿತ್ತು. "ಇಲ್ಲಮ್ಮ, ಅಷ್ಟೇ" ಎಂದು ಇಟ್ಟುಬಿಟ್ಟಳು.

ಸೋಮವಾರ ಅವಳಿಗೆ ವಾರದ ರಜೆ. ಗಂಡ ದಾರಿಯಿಂದ ಹಿಂದಿರುಗುವುದರೊಳಗೆ ಮನೆಯಲ್ಲೇ ಒಂದು ಅಭ್ಯಾಸ ಮಾಡಿ ನೋಡೋಣವೆಂದು ಹೊರಟಳು. ಮೇಜಿನ ಮೇಲೆ ನಾಲ್ಕು ಲೋಟ ಸಾಲಾಗಿಟ್ಟು, ಗೋಡೆಯ ಗಡಿಯಾರ ನೋಡಿಕೊಂಡು ಗಟಗಟನೆ ಕುಡಿದಳು. ಇಪ್ಪತ್ತೆಂಟನೇ ನಿಮಿಷಕ್ಕೆ ನೆಲ ಒರೆಸುವ ಬಟ್ಟೆ ಹುಡುಕಬೇಕಾಯಿತು. ಮಧ್ಯಾಹ್ನ ಮತ್ತೆ ಪ್ರಯತ್ನಿಸಿದಳು. ಈ ಸಲ ಗುಟುಕು ಗುಟುಕಾಗಿ ಕುಡಿದು, ಗಟ್ಟಿ ಕುರ್ಚಿಯ ಮೇಲೆ ಕಾಲು ಹೆಣೆದು ಕೂತು, ನಲ್ಲಿಯಿರುವ ದಿಕ್ಕಿಗೆ ಬೆನ್ನು ಹಾಕಿ, ಆ ಹನ್ನೊಂದು ಗಂಟೆಯ ದಾರಿಯ ಊರುಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಕೂಗಿದಳು. ನಾಲ್ಕನೇ ಊರು ದಾಟಲಾಗಲಿಲ್ಲ. ಆದರೂ ನಲವತ್ತೊಂದು ನಿಮಿಷ.

ಸಂಜೆ ಗಂಡ ಬಂದವನು ಮೇಜಿನ ಮೇಲಿನ ಲೋಟಗಳನ್ನು ನೋಡಿದ. "ಯಾರು ಬಂದಿದ್ರು?"

"ಯಾರೂ ಇಲ್ಲ."

ಅವನು ನಾಲ್ಕೂ ಲೋಟಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಹೇಳಲಿಷ್ಟವಿಲ್ಲದಿದ್ದರೆ ಬೇಡ ಎನ್ನುವಂತೆ ಒಳಗೆ ಹೋದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅದನ್ನವನು ಬಡಿದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಮಂಗಳವಾರ ಸ್ಕ್ಯಾನು. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟವೆಲು, ಪ್ಯಾಡುಗಳು, ಒದ್ದೆಯಾದದ್ದನ್ನು ಸುತ್ತಿಡಲು ಪ್ಲಾಸ್ಟಿಕ್ ಕವರು. ಮೈಮೇಲೆ ಕಡುನೀಲಿ ಬಟ್ಟೆ, ಅದರಲ್ಲಿ ಒದ್ದೆ ಕಾಣುವುದಿಲ್ಲ. ತುಂಬಿದ ಹೊಟ್ಟೆಯಲ್ಲಿ ರಸ್ತೆಯ ಉಬ್ಬುಗಳನ್ನು ದಾಟುವುದು ಬೇಡವೆಂದು ಒಂಬತ್ತಕ್ಕೇ ಸ್ಕ್ಯಾನ್ ಕೇಂದ್ರಕ್ಕೆ ಬಂದು, ಒಂಬತ್ತೂವರೆಯಿಂದ ಅಲ್ಲಿನ ಬೆಂಚಿನ ಮೇಲೆ ಕೂತೇ ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಹತ್ತೂವರೆಗೆ ಅವಳ ಸರದಿ. ಮೂರು ಲೋಟದಷ್ಟು ಮುಗಿದಿತ್ತು. ಎದುರಿಗೆ, ಯಾವ ಪುಣ್ಯಾತ್ಮನ ಯೋಚನೆಯೋ ಏನೋ, ಒಂದು ಮೀನಿನ ತೊಟ್ಟಿ. ಗುಳುಗುಳು ಎಂದು ಅದರಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಅವಳು ಎದ್ದು ಬೇರೆ ಕಡೆ ತಿರುಗಿ ಕೂತಳು. ಸದ್ದು ಅಲ್ಲಿಗೂ ಬಂತು.

ಹತ್ತೂವರೆಗೆ ಅವಳನ್ನು ಕರೆಯಲಿಲ್ಲ. ನೋವಿನಿಂದ ನರಳುತ್ತಿದ್ದ ಬಸುರಿಯೊಬ್ಬಳನ್ನು ತಳ್ಳುಕುರ್ಚಿಯಲ್ಲಿ ತಂದು ನೇರ ಒಳಗೆ ಕರೆದೊಯ್ದರು. ಹತ್ತು ನಲವತ್ತು. ಹತ್ತು ನಲವತ್ತೈದು. ಹಲ್ಲು ಕಚ್ಚಿ, ಬೆರಳು ಮಡಚಿ ಕೂತವಳಿಗೆ ಮೊದಲನೆಯ ಬಿಸಿ ಹನಿ ತಿಳಿಯಿತು. ಎದ್ದು ಕೌಂಟರಿನ ಹತ್ತಿರ ಹೋದಳು.

"ಅಮ್ಮಾ, ನಂಗೆ... ತಡ್ಯೋಕೆ..." ಎಂದು ಪಿಸುಗುಟ್ಟಿದಳು.

"ಏನು ಮೇಡಂ? ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಜೋರಾಗಿ ಹೇಳಿ ಎಂದರೆ ಬರುವುದು ಅವಳಿಗೆ ಒಂದೇ ದನಿ. "ನನಗೆ ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ" ಎಂಬ ಮಾತು ಸ್ಪಷ್ಟವಾಗಿ, ಅಕ್ಷರ ಅಕ್ಷರವಾಗಿ, ಒಂಬತ್ತನೇ ಅಂಕಣದವರೆಗೂ ಮುಟ್ಟುವ ಗತ್ತಿನಲ್ಲಿ ಹೊರಟಿತು. ಬೆಂಚುಗಳ ಮೇಲಿದ್ದ ತಲೆಗಳೆಲ್ಲ ಅವಳ ಕಡೆ ತಿರುಗಿದವು.

ಮೂಲೆಯಲ್ಲಿ ಕೋಲು ಹಿಡಿದು ಕೂತಿದ್ದ ಅಜ್ಜಿ ಮೊದಲು ಬಾಯಿಬಿಟ್ಟಳು. "ನಂಗೂ ಆಗಲ್ಲ ಕಣವ್ವ. ನಾಚ್ಕೊಂಡು ಸುಮ್ನೆ ಕೂತಿದ್ದೆ. ನಂದೂ ಹೇಳ್ಬಿಡು." ಪಕ್ಕದಲ್ಲಿದ್ದ ಗಂಡಸೊಬ್ಬ ಅವಳನ್ನೇ ನೋಡುತ್ತ, "ನೀವು ಬಸ್ ಸ್ಟ್ಯಾಂಡಿನವ್ರಲ್ವಾ? ಈ ದನಿ ಎಲ್ಲೋ ಕೇಳಿದೀನಿ ಅಂದ್ಕೊಂಡೆ" ಎಂದ. ಭೂಮಿ ಬಾಯಿಬಿಡಬಾರದೇ ಎನ್ನಿಸಿದ ಆ ಗಳಿಗೆಯಲ್ಲೇ ಅವಳಿಗೆ ನಗುವೂ ಬಂತು. ನಗು ಬಂದದ್ದೇ ತಪ್ಪಾಯಿತು. ಕೌಂಟರಿನ ಹುಡುಗಿ ಎದ್ದು ಬಂದು, ಅವಳ ಹಿಂದೆ ಮರೆಯಾಗಿ ನಡೆಯುತ್ತ ಒಳಗೆ ಕರೆದೊಯ್ದಳು.

ಸ್ಕ್ಯಾನ್ ಮಾಡುವ ಡಾಕ್ಟರು ಮೂವತ್ತೈದರ ಹೆಂಗಸು. ಮಂಚದ ಮೇಲಿನ ಹಾಸು ಒದ್ದೆಯಾದದ್ದನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಇನ್ನೊಂದನ್ನು ಹಾಸಿದರು. "ದಿನಾ ಆಗೋದೇ ಇದು. ಆದ್ರೆ ಇಷ್ಟೊಂದು ಕಷ್ಟ ಯಾಕೆ ಪಟ್ರಿ? ಮೊದಲೇ ಹೇಳಿದ್ರೆ ಎರಡು ಲೋಟ ಸಾಕು ಅಂತಿದ್ವಿ. ಅದೂ ಆಗಲ್ಲ ಅಂದ್ರೆ, ಖಾಲಿ ಮಾಡ್ಕೊಂಡು ಬಂದ್ಮೇಲೆ ಒಳಗಿನಿಂದ ನೋಡೋ ಸ್ಕ್ಯಾನೇ ಬೇರೆ ಇದೆ." ತಣ್ಣನೆಯ ಜೆಲ್ಲನ್ನು ಕಿಬ್ಬೊಟ್ಟೆಗೆ ಸವರಿ, ಆದಷ್ಟು ಹಗುರವಾಗಿ ಒತ್ತಿ ನೋಡಿದರು. ಹೋಗಿ ಖಾಲಿ ಮಾಡಿಕೊಂಡು ಬರಲು ಹೇಳಿ ಇನ್ನೊಮ್ಮೆ ನೋಡಿದರು. "ಗಡ್ಡೆ ಏನೂ ಇಲ್ಲ. ಹೆದರ್ಬೇಡಿ. ನಿಮ್ಮ ಡಾಕ್ಟ್ರು ಹೇಳ್ತಾರೆ, ಬಹುಶಃ ಸ್ನಾಯು ಬಿಗಿ ಮಾಡೋ ವ್ಯಾಯಾಮ ಕೊಡ್ತಾರೆ."

"ಎಷ್ಟು ದಿನಕ್ಕೆ ಸರಿಹೋಗುತ್ತೆ?"

"ಬಿಡದೆ ಮಾಡಿದ್ರೆ ಮೂರ್ನಾಲ್ಕು ತಿಂಗಳಲ್ಲಿ ಗುಣ ಕಾಣಬಹುದು."

"ನಂಗೆ ಮೂವತ್ತನೇ ತಾರೀಕಿಗೆ ಹನ್ನೊಂದು ಗಂಟೆ ಬಸ್ಸಲ್ಲಿ ಕೂರ್ಬೇಕಿತ್ತು ಡಾಕ್ಟ್ರೇ."

ಡಾಕ್ಟರು ಗೋಡೆಯ ಕ್ಯಾಲೆಂಡರು ನೋಡಿದರು. ಅಂದು ಇಪ್ಪತ್ತಾರು. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಕೈಗೆ ಒರೆಸಿಕೊಳ್ಳುವ ಕಾಗದ ಕೊಟ್ಟರು.

ಮರುದಿನ ಸಂಜೆ ಗಂಡ ದಾರಿಯಿಂದ ಬಂದು ಮುಖ ತೊಳೆದು ಕೂತಾಗ, ಅವಳು ಚಹಾದ ಜೊತೆ ವರದಿಯ ಲಕೋಟೆಯನ್ನೂ ಇಟ್ಟಳು.

"ನಂಗೆ ಮಂಡಿನೋವಿಲ್ಲ" ಎಂದಳು.

ಉಳಿದದ್ದನ್ನು ನಿಂತುಕೊಂಡೇ ಹೇಳಿದಳು. ಅವನು ಲಕೋಟೆಯನ್ನು ಬಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದ. ಚಹಾದ ಮೇಲೆ ಕೆನೆ ಕಟ್ಟಿತು.

"ನಾಲ್ಕು ವರ್ಷ" ಎಂದ ಕೊನೆಗೆ. "ನನ್ನ ಗಾಡಿ ನಿಂಗೆ ಸಾಕಾಗಿದೆ ಅಂದ್ಕೊಂಡಿದ್ದೆ. ನಾನೇ ಸಾಕಾಗಿದೀನೇನೋ ಅಂತ್ಲೂ."

"ದಿನಾ ಏಳಕ್ಕೆ ನಾನೇ ಕೂಗಿ ಕಳಿಸ್ತೀನಲ್ಲ ಆ ಗಾಡೀನ. ಒಂದು ದಿನಾನೂ ಸಾಕು ಅನ್ನಿಸಿಲ್ಲ ನಂಗೆ."

ಅವನು ಲಕೋಟೆಯನ್ನು ಮೇಜಿನ ಮೇಲಿಟ್ಟ. "ಆ ದಾರೀಲಿ ನಾವು ಗಂಡಸರೆಲ್ಲ ಇಳೀತಿದ್ವಿ. ನೀನು ಇಳೀತಿರ್ಲಿಲ್ಲ. ಕನ್ನಡೀಲಿ ದಿನಾ ನೋಡ್ತಿದ್ದೆ ನಾನು. ಯಾಕೆ ಅಂತ ಒಂದು ಸಲ ಕೇಳಬಹುದಿತ್ತು." ಆಮೇಲೆ ಒಮ್ಮೆಲೇ, "ಮೂವತ್ತಕ್ಕೆ ಬಾ. ನೀನು ಎಲ್ಲಿ ಹೇಳಿದ್ರೆ ಅಲ್ಲಿ ನಿಲ್ಲಿಸ್ತೀನಿ" ಎಂದ.

"ಐವತ್ತು ಜನ ಕೂತಿರ್ತಾರೆ. ಅವರಿಗೂ ಊರು ಮುಟ್ಟಬೇಕು. ಕೊನೇ ದಿನ ಬೈಸ್ಕೊಂಡು ಹೋಗ್ತೀರಾ?"

ಆ ದಾರಿಯ ವೇಳಾಪಟ್ಟಿ ಇಬ್ಬರಿಗೂ ಬಾಯಿಪಾಠ. ಮನಸ್ಸಿನಲ್ಲೇ ಅದರ ಮೇಲೆ ಬೆರಳಾಡಿಸಿ ಇಬ್ಬರೂ ಒಂದೇ ಕಡೆ ಬಂದು ನಿಂತಿರಬೇಕು.

"ಮೊದಲನೇ ನಿಲುಗಡೆ ಒಂದು ಗಂಟೆ ಹತ್ತು ನಿಮಿಷ" ಎಂದ ಅವನು.

"ಏಳಕ್ಕೆ ಸರಿಯಾಗಿ ಬಿಟ್ರೆ" ಎಂದಳು ಅವಳು.

ಮೂವತ್ತರಂದು ಬಸ್ಸು ಏಳಕ್ಕೆ ಸರಿಯಾಗಿ ಬಿಟ್ಟಿತು. ಗಾಜಿನ ಕೋಣೆಯಲ್ಲಿ ಅವಳ ಬದಲಿಗೆ ಕೂತಿದ್ದ ಗುಮಾಸ್ತ ಊರುಗಳ ಹೆಸರನ್ನು ಅವಸರವಾಗಿ ನುಂಗಿ ನುಂಗಿ ಕೂಗುತ್ತಿದ್ದ. ಈಗಿನ ಕಂಡಕ್ಟರು ಇಪ್ಪತ್ತಾರರ ಹೆಂಗಸು. "ಎಲ್ಲೀವರೆಗೆ ಅಕ್ಕಾ? ಕೊನೇತನಕ ತಾನೆ?" ಎಂದು ಕೇಳಿದವಳು, ಮೊದಲನೇ ನಿಲುಗಡೆ ಎಂದಾಗ ಅಚ್ಚರಿಯಿಂದ ನೋಡಿದಳು. ಮುಂದಿನ ಸೀಟಿನಲ್ಲಿ ಕೂತು ಮೈಕಮ್ಮ ದಾರಿಯನ್ನು ಕಣ್ಣಲ್ಲೇ ತುಂಬಿಕೊಂಡಳು. ಇಟ್ಟಿಗೆಯ ಗೂಡು, ಹೊಸ ಸೇತುವೆ, ಅದರ ಪಕ್ಕದಲ್ಲೇ ಕೈಬಿಟ್ಟ ಹಳೇ ಸೇತುವೆ. ಗೇರು ಬದಲಿಸುವಾಗ ಅವನ ಎಡಭುಜ ಏಳುವುದು, ಎದುರಿನಿಂದ ಬರುವ ಬಸ್ಸುಗಳಿಗೆ ಎರಡು ಬೆರಳೆತ್ತುವುದು, ಎಲ್ಲವೂ ಹಾಗೇ ಇತ್ತು. ಕೂದಲು ಮಾತ್ರ ಹಿಂದಿನಿಂದ ಇಷ್ಟು ಬೆಳ್ಳಗಾದದ್ದನ್ನು ಅವಳು ನೋಡಿರಲಿಲ್ಲ. ರೈಲ್ವೆ ಗೇಟು ಮುಚ್ಚಿತ್ತು. ಆರು ನಿಮಿಷ ನಿಂತರು. ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. ಪರವಾಗಿಲ್ಲ ಎಂದು ಅವಳು ಕೈಯಾಡಿಸಿದಳು. ಸ್ವಲ್ಪ ಹೊತ್ತಿಗೆ ಅದು ಪರವಾಗಿಲ್ಲ ಎನ್ನುವಂತೇನೂ ಉಳಿಯಲಿಲ್ಲ. ಆದರೆ ಬಟ್ಟೆ ಕಡುನೀಲಿ, ಒಳಗೆ ಪ್ಯಾಡು, ಮುಖದ ಮೇಲೆ ಗಾಳಿ. ಅವಳಿಗೆ ಇಳಿಯಬೇಕೆನ್ನಿಸಲಿಲ್ಲ.

ನಿಲುಗಡೆಯಲ್ಲಿ ಇಳಿದವಳು ಎರಡು ಹೆಜ್ಜೆ ಇಟ್ಟು ತಿರುಗಿ ನೋಡಿದಳು. ಕಂಡಕ್ಟರು ಸೀಟಿನಲ್ಲೇ ತಲೆ ತಗ್ಗಿಸಿ ಟಿಕೆಟ್ ಯಂತ್ರ ಒರೆಸುತ್ತ ಕೂತಿದ್ದಳು.

"ಬಾರಮ್ಮ ಇಳಿದು" ಎಂದಳು ಅವಳು.

"ಬೇಡಕ್ಕ, ಟೈಮಿಲ್ಲ."

"ಬಸ್ಸು ನಿಂತಿರುತ್ತೆ. ಬಾ."

ಇಬ್ಬರೂ ಶೌಚಾಲಯಕ್ಕೆ ಹೋಗಿ ಬರುವ ತನಕ ಬಸ್ಸು ನಿಂತೇ ಇತ್ತು. ಯಾರೋ ಹಿಂದಿನಿಂದ ಗೊಣಗಿದರು. ಡ್ರೈವರು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ನೇರ ಮುಂದೆ ನೋಡುತ್ತ ಕೂತಿದ್ದ, ಕಿವಿ ಕೇಳಿಸದವನ ಹಾಗೆ. ಅವಳು ಅವನ ಕಿಟಕಿಯ ಕೆಳಗೆ ಬಂದು ನಿಂತಳು.

"ಹೊರಡಿ. ಲೇಟಾಯ್ತು" ಎಂದಳು.

"ಹೂಂ" ಎಂದ. "ವಾಪಸ್ ಬಸ್ಸು ಎಂಟೂ ಮುಕ್ಕಾಲಿಗೆ."

"ಗೊತ್ತು."

ಶಿಳ್ಳೆ ಕೇಳಿತು. ಬಲಗಡೆಯ ದೀಪ ಮಿಟುಕಿಸುತ್ತ ಬಸ್ಸು ನಿಲುಗಡೆಯಿಂದ ರಸ್ತೆಗೆ ಏರಿತು. ಮುಂದೆ ಹತ್ತು ಗಂಟೆಯ ದಾರಿ. ಅವಳು ಹಣೆಗೆ ಕೈಯಡ್ಡ ಹಿಡಿದು ನೋಡುತ್ತ ನಿಂತಳು. ರಸ್ತೆ ನೇರವಾಗಿ ಬಹಳ ದೂರ ಕಾಣುತ್ತಿತ್ತು. ಬಸ್ಸು ಸಣ್ಣದಾಗಿ, ಬೆಂಕಿಪೊಟ್ಟಣದಷ್ಟಾಗಿ, ಬಿಸಿಲಿನಲ್ಲಿ ಕದಲುವ ಚುಕ್ಕಿಯಾದ ಮೇಲೂ ಅದರ ಬಲಗಡೆಯ ದೀಪ ಮಿಟುಕುತ್ತಲೇ ಇತ್ತು. ಅವಳಿಗೆ ಕಾಣಲೆಂದೇ ಅವನು ಅದನ್ನು ಆರಿಸಿರಲಿಲ್ಲ.