ಎರಡು ಸಲ ಚಿವುಟಿದ ಸೇವಂತಿಗೆ

ಈಗಿಲ್ಲಪ್ಪನವರ ಬಲಗೈ ಹೆಬ್ಬೆರಳಿನ ಉಗುರು ವರ್ಷದ ಹನ್ನೆರಡು ತಿಂಗಳೂ ಹಸಿರಾಗಿರುತ್ತದೆ. ಸೋಪು, ನಿಂಬೆಹಣ್ಣು, ಹೆಂಡತಿಯ ಬೈಗುಳ, ಯಾವುದಕ್ಕೂ ಅದು ಜಗ್ಗಿದ್ದಿಲ್ಲ. ಬ್ಯಾಂಕಿನ ಬಾಗಿಲ ಕುಂಡವಿರಲಿ, ಹಲ್ಲಿನ ಡಾಕ್ಟರ ಕೋಣೆಯ ಮೂಲೆಗೆ ಒರಗಿದ ಬಡಪಾಯಿ ಗಿಡವಿರಲಿ, ಪರರ ಬೇಲಿಯಾಚೆಗೆ ಇಣುಕಿದ ಬಳ್ಳಿಯಿರಲಿ, ಅದರ ಎಳೆಯ ಕುಡಿಯನ್ನು ಎರಡು ಬೆರಳ ನಡುವೆ ಹಿಡಿದು ಟಕ್ಕನೆ ಚಿವುಟಿ, ಏನೂ ನಡೆದೇ ಇಲ್ಲವೆಂಬಂತೆ ಮುಂದೆ ಸಾಗುವುದು ಅವರ ಮೂವತ್ತು ವರ್ಷಗಳ ಅಭ್ಯಾಸ. ಕುಡಿ ಮುರಿದರೆ ಗಿಡ ಕವಲೊಡೆಯುತ್ತದೆ, ಕವಲೊಡೆದರೆ ಹೂ ಹೆಚ್ಚುತ್ತದೆ ಎಂಬ ಶಾಸ್ತ್ರ ಅದಕ್ಕಿದೆ ಅನ್ನಿ. ಆದರೆ ಬೆರಳಿಗೆ ಶಾಸ್ತ್ರ ಎಲ್ಲಿ ಗೊತ್ತು? ಅದು ತನ್ನ ಪಾಡಿಗೆ ಚಿವುಟುತ್ತದೆ, ಯಜಮಾನರ ತಲೆಗೆ ವರದಿ ಒಪ್ಪಿಸುವುದಿಲ್ಲ.

ಹೆತ್ತವರಿಟ್ಟ ಹೆಸರು ಬೇರೆ. ಅದನ್ನು ಈಗ ಅಂಚೆಯವನೂ ಮರೆತಿದ್ದಾನೆ. ಅವರದು ಹೂವಿನ ಅಲಂಕಾರದ ಅಂಗಡಿ. ವಿಮಾನವೇರಿ, ಥಂಡಿ ಪೆಟ್ಟಿಗೆಯಲ್ಲಿ ಮಲಗಿ, ದೂರದೇಶದಿಂದ ಬರುವ ಹೂವನ್ನು ಮುಟ್ಟುವುದಿಲ್ಲ, ಸುತ್ತಲಿನ ರೈತರ ಹೊಲದಲ್ಲಿ ಆಯಾ ಋತುವಿಗೆ ಅರಳಿದ್ದಷ್ಟೇ ತಮ್ಮ ಅಂಗಡಿಯ ಮೆಟ್ಟಿಲು ಹತ್ತಬೇಕು ಎಂದು ಅವರು ಹಟ ಹಿಡಿದು ಎಂಟು ವರ್ಷವಾಯಿತು. ಗುಲಾಬಿ ಕೇಳಿದರೆ "ಈಗಿಲ್ಲಪ್ಪ." ಲಿಲ್ಲಿ ಕೇಳಿದರೆ "ಈಗಿಲ್ಲಪ್ಪ." ಗಿರಾಕಿಗಳು ಇನ್ನೇನು ಮಾಡಿಯಾರು, ಅದನ್ನೇ ಹೆಸರು ಮಾಡಿ ಸೇಡು ತೀರಿಸಿಕೊಂಡರು.

ಬೇಸಗೆಯಲ್ಲೂ ಅವರ ಮೈಮೇಲೊಂದು ಕಂದು ಕೋಟು. ಅದರ ಜೇಬುಗಳಲ್ಲಿ ದಾರದುಂಡೆ, ಕತ್ತರಿ, ಒದ್ದೆ ಕಾಗದ, ಯಾವ ಗಿಡದ್ದೆಂದು ಅವರಿಗೇ ತಿಳಿಯದ ಬೀಜಗಳು. ನಾಲ್ಕು ಹೆಜ್ಜೆ ನಡೆದು ನಿಲ್ಲುವರು, ಏನೋ ಮರೆತವರಂತೆ ಹಿಂದಿರುಗಿ ನೋಡುವರು, ಮರೆತದ್ದು ಏನೆಂಬುದು ಮರೆತು ಮತ್ತೆ ನಾಲ್ಕು ಹೆಜ್ಜೆ ನಡೆಯುವರು. ಯಾವ ಪ್ರಶ್ನೆಗೂ ಅವರ ಉತ್ತರ "ಹೌದು, ಅಂದ್ರೆ, ಇಲ್ಲ" ಎಂದೇ ಆರಂಭವಾಗುತ್ತದೆ. ಮುಗಿಯುವುದು ಎಲ್ಲೋ, ಕೇಳಿದವರ ಪುಣ್ಯ.

ಅವರಿಗೆ ಬಿಳಿ ಹೂ ಬೆಳೆದುಕೊಡುತ್ತಿದ್ದ ರೈತರು ಇಬ್ಬರು. ಒಬ್ಬರು ಜೋಳಕ್ಕೆ ಮರಳಿದರು, ಇನ್ನೊಬ್ಬರು ಹೊಲವನ್ನೇ ಮಾರಿದರು. ಇನ್ನು ಕೇಳಲು ಉಳಿದವರು ಅವರ ಸ್ವಂತ ಅತ್ತಿಗೆ ಒಬ್ಬರೇ. ಅಣ್ಣನಿಗೆ ಪಂಪು ರಿಪೇರಿಯೇ ಪ್ರಪಂಚ, ಬೇಸಾಯವೆಲ್ಲ ಅತ್ತಿಗೆಯದೇ. ಮೈದುನನ ಕಾಟ ತಾಳಲಾರದೆ ಆಕೆ ಹುರುಳಿಕಾಯಿ ಬೆಳೆಯುತ್ತಿದ್ದ ಪಟ್ಟಿಯನ್ನು ಈ ವರ್ಷ ಮೊದಲ ಬಾರಿಗೆ ಸೇವಂತಿಗೆಗೆ ಬಿಟ್ಟುಕೊಟ್ಟಿದ್ದರು.

"ಒಂದೇ ಒಂದು ಬೆಳೆ ನೋಡ್ತೀನಿ ಕಣೋ. ಕೈಕೊಟ್ರೆ ಮತ್ತೆ ಹುರುಳಿಕಾಯಿನೇ. ಆಮೇಲೆ ಅತ್ತಿಗೆ ಅಂತ ಬರಬೇಡ."

ಆ ಸೇವಂತಿಗೆ ಪಕ್ಕದ ಬೀದಿಯ ದರ್ಜಿಯ ಮಗಳ ಮದುವೆಗೆಂದು ನಿಶ್ಚಯವಾಯಿತು. ಸಸಿ ನೆಟ್ಟ ನಾಲ್ಕನೆಯ ವಾರ ಕುಡಿ ಚಿವುಟಬೇಕು, ಒಂದೇ ಸಲ. ಇನ್ನೊಮ್ಮೆ ಚಿವುಟಿದರೆ ಹೂ ಮೂರು ವಾರ ಹಿಂದೆ ಬೀಳುತ್ತದೆ. ಈಗಿಲ್ಲಪ್ಪನವರೇ ಇದನ್ನು ದಪ್ಪಕ್ಷರದಲ್ಲಿ ಬರೆದು ಅತ್ತಿಗೆಯ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದರು. ಚೀಟಿಯಲ್ಲಿದ್ದ ದಿನವೇ, ಚೀಟಿಯಲ್ಲಿದ್ದಂತೆಯೇ ಅತ್ತಿಗೆ ಸಾಲು ಸಾಲಾಗಿ ಚಿವುಟಿದರು. ಅದಾದ ಮೇಲಿನ ಎರಡು ಭಾನುವಾರ ಇವರು ಹೊಲಕ್ಕೆ ಹೋಗಿ, ಮದುವೆಯ ವೇದಿಕೆ ಹೇಗಿರಬೇಕೆಂದು ಗಾಳಿಯಲ್ಲಿ ಚಿತ್ರ ಬರೆಯುತ್ತ, ಆ ಸಾಲುಗಳ ನಡುವೆ ಗಂಟೆಗಟ್ಟಲೆ ಅಡ್ಡಾಡಿದರು.

ಮದುವೆಗೆ ಹತ್ತು ದಿನವಿದೆ ಎನ್ನುವಾಗ ಹೋಗಿ ನೋಡಿದರೆ ಬಟಾಣಿಕಾಳಿನಷ್ಟು ಮೊಗ್ಗು, ಕಲ್ಲಿನಂತೆ ಗಟ್ಟಿ. ಬಿಳಿಯ ಸುಳಿವೂ ಇಲ್ಲ.

"ದಿನ ನಾನೇ ತಪ್ಪಾಗಿ ಎಣಿಸಿದೆನೇನೋ," ಎಂದರು ಅತ್ತಿಗೆ, ಸೆರಗಿನಿಂದ ಕೈ ಒರೆಸುತ್ತ. "ನನಗೆಲ್ಲಿ ಬರುತ್ತೆ ಈ ಹೂವಿನ ವಿದ್ಯೆ."

ಈಗಿಲ್ಲಪ್ಪನವರು ಕಕ್ಕಾಬಿಕ್ಕಿಯಾಗಿ ನಿಂತರು. ಏನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದಿದ್ದ ತಮ್ಮದೇ ಕೈ, ಅದರ ಹಸಿರು ಉಗುರು ಕಣ್ಣಿಗೆ ಬಿತ್ತು. ಆ ಭಾನುವಾರಗಳಲ್ಲಿ ತಾವು ಆಡಿದ ಮಾತೆಲ್ಲ ನೆನಪಿತ್ತು, ಅತ್ತಿಗೆ ಕೊಟ್ಟ ಕಾಫಿಗೆ ಸಕ್ಕರೆ ಹೆಚ್ಚಾಗಿದ್ದುದೂ ನೆನಪಿತ್ತು. ಕೈ ಏನು ಮಾಡುತ್ತಿತ್ತೆಂಬುದು ಮಾತ್ರ ತಲೆ ಕೆಳಗಾಗಿ ನಿಂತರೂ ನೆನಪಾಗದು. ಚಿವುಟಿದೆನೆ? ಚಿವುಟಲಿಲ್ಲವೆ? ಈ ಸಲ ಚಳಿ ಬೇಗ ಬಂದದ್ದರಿಂದಲೇ ಹೂ ತಡವಾಯಿತೆ? ಒಂದು ಸಲ ಹೌದೆನ್ನಿಸಿತು, ಮುಂದಿನ ತಿರುವಿನಲ್ಲಿ ಛೇ, ಇರಲಾರದು ಎನ್ನಿಸಿತು. ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದರು.

ಮನೆಯಲ್ಲಿ ಹೆಂಡತಿಯ ಬಳಿ ತೋಡಿಕೊಂಡರು. ಆಕೆ ಬಟ್ಟೆ ಮಡಚುವುದನ್ನು ನಿಲ್ಲಿಸಲೇ ಇಲ್ಲ.

"ಕಿಟಕೀಲಿರೋ ಪುದೀನಾನ ಇವತ್ತು ಬೆಳಿಗ್ಗೆ ಪೇಪರ್ ಓದ್ತಾ ಬೋಳಿಸಿದ್ರಲ್ಲ, ಅದು ನೆನಪಿದೆಯಾ?"

"ಹೌದು, ಅಂದ್ರೆ, ಇಲ್ಲ."

"ಮತ್ತಿನ್ನೇನು ಕೇಳ್ತೀರಿ."

ಇದು ಸಾಕ್ಷ್ಯವೇ ಸರಿ, ಆದರೆ ಪುದೀನದ ಬಗ್ಗೆ. ಸೇವಂತಿಗೆಯ ಮೊಕದ್ದಮೆ ಹಾಗೇ ಉಳಿಯಿತು.

ನಡುವೆ ದರ್ಜಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಳಿತ. ಸಂಗತಿ ಕೇಳಿ ಕೂಗಾಡಲಿಲ್ಲ, ಕೂಗಾಡಿದ್ದರೇ ವಾಸಿಯಿತ್ತು.

"ನಾನೂ ಬಟ್ಟೆ ತಡ ಮಾಡ್ತೀನಿ, ಒಪ್ತೀನಿ. ಆದ್ರೆ ಮದುವೆ ದಿನ ಬಟ್ಟೆ ಈಗಿಲ್ಲಪ್ಪ ಅಂತ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ," ಎಂದು ಎದ್ದು ಹೋದ.

ಮೂರು ದಿನ ಅನ್ನ ಸೇರಲಿಲ್ಲ. ಹಟ ತಮ್ಮದು, ಮದುವೆ ಆ ಹುಡುಗಿಯದು. ತಮ್ಮ ಹಟಕ್ಕೆ ಅವಳ ಮದುವೆ ಬೋಳಾಗಬೇಕೆ? ಹೌದೆಂದರೆ ಪಾಪ, ಅಲ್ಲವೆಂದರೆ ಎಂಟು ವರ್ಷ ನೀರುಪಾಲು. ಕೊನೆಗೆ ಕಳ್ಳನ ಹಾಗೆ ಶೈತ್ಯಾಗಾರದ ಬಾಗಿಲಿಗೆ ಹೋಗಿ, ದೂರದೇಶದ ಬಿಳಿ ಹೂವಿನ ಹನ್ನೊಂದು ಪೆಟ್ಟಿಗೆ ತಂದು ವೇದಿಕೆ ಕಟ್ಟಿದರು. ಒಂದು ಹೂವೂ ಬಾಗಿರಲಿಲ್ಲ, ಒಂದು ಎಸಳೂ ಹುಳು ತಿಂದಿರಲಿಲ್ಲ, ಮೂಸಿದರೆ ಕಾಗದದಷ್ಟೂ ವಾಸನೆಯಿರಲಿಲ್ಲ. ಬಂದವರೆಲ್ಲ ಇಷ್ಟು ಚಂದದ ಅಲಂಕಾರ ಇವರ ಕೈಯಿಂದ ಹಿಂದೆಂದೂ ಆಗಿರಲಿಲ್ಲವೆಂದು ಬಾಯ್ತುಂಬ ಹೊಗಳಿದರು. ಈಗಿಲ್ಲಪ್ಪನವರು ನಗಬೇಕೋ ಅಳಬೇಕೋ ತಿಳಿಯದೆ, ಊಟವನ್ನೂ ಮಾಡದೆ ಹಿಂಬಾಗಿಲಿನಿಂದ ಹೊರಟುಬಂದರು.

ಮದುವೆ ಕಳೆದ ಎರಡು ವಾರಕ್ಕೆ ಅತ್ತಿಗೆಯ ಫೋನು. "ಅರಳಿದಾವೆ. ಬಂದು ನೋಡ್ಕೊಂಡು ಹೋಗು. ನಾಳೆ ಕಿತ್ತು ಹುರುಳಿಕಾಯಿ ಹಾಕ್ತೀನಿ."

ಹೊಲದ ಆ ಪಟ್ಟಿ ಅಂಚಿನಿಂದ ಅಂಚಿಗೆ ಬೆಳ್ಳಗಾಗಿತ್ತು. ಜೇನುಗಳು ಸಂತೆ ಕೂಡಿದ್ದವು. ಕಡುಕಹಿಯೂ ತುಸು ಸಿಹಿಯೂ ಬೆರೆತ ಆ ವಾಸನೆಯನ್ನು ಈಗಿಲ್ಲಪ್ಪನವರು ಎದೆತುಂಬ ಎಳೆದುಕೊಂಡರು. ಸಾಲಿನೊಳಗೆ ಕಾಲಿಡಲು ಧೈರ್ಯ ಬಾರದೆ ಬದುವಿನ ಮೇಲೇ ನಿಂತರು.

"ಅತ್ತಿಗೆ, ಎರಡನೇ ಸಲ ಚಿವುಟಿದ್ದು ನಾನು. ಮದುವೆಗೆ ಪೆಟ್ಟಿಗೆ ಹೂವು ತಂದವನೂ ನಾನೇ."

ಅತ್ತಿಗೆ ಕುಡುಗೋಲು ಕೆಳಗಿಟ್ಟರು. "ಚಿವುಟಿದ್ದು ನೆನಪಿದೆಯೇನೋ?"

"ಹೌದು, ಅಂದ್ರೆ, ಇಲ್ಲ. ನೆನಪಿಲ್ಲ."

"ನೆನಪಿಲ್ದೆ ಯಾಕೆ ತಪ್ಪು ಒಪ್ಕೋತೀಯ?"

ಈಗಿಲ್ಲಪ್ಪನವರು ಬಲಗೈಯನ್ನು ಕೋಟಿನ ಜೇಬಿಗೆ ತುರುಕಿದರು. "ನೀವಲ್ಲ ಅನ್ನೋದು ಗೊತ್ತಲ್ಲ. ಅದೊಂದೇ ನನಗೆ ಗೊತ್ತಿರೋದು."

ಅತ್ತಿಗೆ ಬದುವಿನ ಮೇಲೆ ಕುಳಿತುಬಿಟ್ಟರು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮರೆಮಾಚುವ ಗೋಜಿಗೂ ಹೋಗಲಿಲ್ಲ. "ಒಂದು ತಿಂಗಳಿಂದ ಗೋಡೆ ಮೇಲಿನ ಆ ಚೀಟಿ ಓದೀ ಓದೀ, ನನಗೆ ಓದೋಕೇ ಬರಲ್ವೇನೋ ಅನ್ನಿಸಿಬಿಟ್ಟಿತ್ತು ಕಣೋ. ಆವತ್ತೇ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

ಈಗಿಲ್ಲಪ್ಪನವರೂ ಬದುವಿನ ಮೇಲೆ ಅತ್ತಿಗೆಯ ಪಕ್ಕ ಕುಳಿತರು. ಅತ್ತಿಗೆ ಕಣ್ಣೊರೆಸಿಕೊಂಡು, ಸೀರೆ ಕೊಡವಿಕೊಂಡು ಎದ್ದರು.

"ಸಸಿ ಯಾವಾಗ ತರ್ತೀಯ?"

"ಹುರುಳಿಕಾಯಿ?"

"ಅದೆಲ್ಲಿಗೆ ಓಡಿಹೋಗುತ್ತೆ. ಸಸಿ ತಂದು ಗೇಟಿನ ಹತ್ರ ಇಟ್ಟು ಹೋಗು. ಹೂ ಬಿಡೋವರೆಗೆ ಒಳಗೆ ಬರಬೇಡ."

ಋತುವನ್ನು ನಂಬಿ ಬಾಳುವವರಲ್ಲಿ ಇಂಥದೊಂದು ಜಾತಿಯ ಜನರುಂಟು. ನಿನ್ನೆ ಮಾಡಿದ್ದು ಅವರಿಗೆ ನೆನಪಿರುವುದಿಲ್ಲ, ನಾಳೆ ಆಗುವುದು ತಿಳಿದಿರುವುದಿಲ್ಲ, ತಾವು ಸರಿಯೋ ತಪ್ಪೋ ಎಂಬುದು ಸಾಯುವ ತನಕ ಇತ್ಯರ್ಥವಾಗುವುದಿಲ್ಲ. ಎಲ್ಲವನ್ನೂ ಖಚಿತವಾಗಿ ಬಲ್ಲ ಜಾಣರು ತಪ್ಪಿನ ಮೂಲ ಹುಡುಕುತ್ತ ನಾಲ್ಕು ಊರು ಅಲೆಯುತ್ತಾರೆ. ಇವರು ತಡಬಡಾಯಿಸುತ್ತಲೇ, ತಡವಾಗಿಯೇ, ಆ ತಪ್ಪನ್ನು ತಮ್ಮ ಮನೆಗೆ ಕರೆದುಕೊಂಡು ಬರುತ್ತಾರೆ. ಇಂಥವರನ್ನು ನೆಚ್ಚಿ ಮದುವೆಯ ದಿನ ಗೊತ್ತುಮಾಡಬಾರದು. ಒಂದು ಪಟ್ಟಿ ನೆಲವನ್ನು ಮಾತ್ರ ಧಾರಾಳವಾಗಿ ಬಿಟ್ಟುಕೊಡಬಹುದು.