ರಾಜಪಾರ್ಟಿನ ನಡಿಗೆ

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕಟ್ಟಿದವರ ಮನೆಯಲ್ಲೂ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಇದ್ದಿರಬೇಕು ಎಂದು ಪಾರ್ವತಮ್ಮ ಹೇಳುತ್ತಿದ್ದರು. ಗಂಡ ಬದುಕಿದ್ದಾಗ ಅವರ ಎದುರಿಗೇ ಹೇಳುತ್ತಿದ್ದರು. ಈಗ ಗೋಡೆಯ ಫೋಟೊದ ಎದುರಿಗೆ ಹೇಳುತ್ತಾರೆ. ಚನ್ನಕೇಶವ ಮೇಷ್ಟ್ರು ಆಗಲೂ ಇದಕ್ಕೆ ಉತ್ತರ ಕೊಡುತ್ತಿರಲಿಲ್ಲ, ಹಾಗಾಗಿ ದೊಡ್ಡ ವ್ಯತ್ಯಾಸವೇನೂ ಆಗಿಲ್ಲ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಯವರು ಸೇರಿ ಪೌರಾಣಿಕ ನಾಟಕ ಆಡಬೇಕೆಂದು ಹೊರಟರೆ, ಅವರಿಗೆ ಹಾಡು, ಮಾತು, ತಾಳ ಎಲ್ಲ ತಿದ್ದಿ ರಂಗ ಹತ್ತಿಸುವವರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಟಾಪಿಗೆ ಹಾಕಿ ಹೊಸೂರು ಬಿಟ್ಟರೆಂದರೆ ತಳಿ, ಡೆಂಕಣಿಕೋಟೆ, ಕೆಲಮಂಗಲ, ಕೃಷ್ಣಗಿರಿ ಕಡೆಯ ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ವಾಸ. ಒಂದೂರಿನ ನಾಟಕ ಮುಗಿಯುವ ಹೊತ್ತಿಗೆ ಇನ್ನೊಂದೂರಿನವರು ಎಲೆ ಅಡಿಕೆ ಹಿಡಿದು ಬಂದು ನಿಂತಿರುತ್ತಿದ್ದರು. ಕನ್ನಡದವರಿಗೆ ಮೇಷ್ಟ್ರು, ತಮಿಳರಿಗೆ ವಾತ್ಯಾರು, ತೆಲುಗರಿಗೆ ಪಂತುಲುಗಾರು. ಮನೆಯವರಿಗೆ ಏನು ಎಂಬುದು ಮಾತ್ರ ಕೊನೆವರೆಗೂ ಇತ್ಯರ್ಥವಾಗಲಿಲ್ಲ.

ಮಗಳು ಕೋಮಲಾ ಈ ವಿಷಯದಲ್ಲಿ ಅಮ್ಮನ ಹಾಗೆ ಗಾದೆ ಹೇಳುವವಳಲ್ಲ. ಅವಳು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಬಿಡಿಭಾಗಗಳನ್ನು ಪರೀಕ್ಷೆ ಮಾಡುತ್ತಾಳೆ. ಕೂತು ಮಾಡುವ ಕೆಲಸ. ಕೂತು ಮಾಡುವ ಕೆಲಸವೆಂದೇ ಸೇರಿದ್ದು. ಎಳವೆಯಲ್ಲಿ ಜ್ವರ ಬಂದು ಅವಳ ಎಡಗಾಲು ಸೊರಗಿತ್ತು. ನಡೆಯುವಾಗ ಎಡಗೈಯನ್ನು ತೊಡೆಯ ಮೇಲೆ ಊರಿ, ಕಾಲನ್ನು ಒತ್ತಿ ಹಿಡಿದು, ಅದು ಮಡಚಿಕೊಳ್ಳುವ ಮೊದಲೇ ಬಲಗಾಲನ್ನು ಮುಂದಿಡಬೇಕು. ನೆಂಟರ ಮದುವೆಗೆ ಹೋದರೆ ಎಲ್ಲರಿಗಿಂತ ಮುಂಚೆ ಹೋಗಿ ಕೂತುಬಿಡುತ್ತಿದ್ದಳು, ಎಲ್ಲರೂ ಹೋದ ಮೇಲೆ ಏಳುತ್ತಿದ್ದಳು. ಊಟದ ಪಂಕ್ತಿ ತಪ್ಪಿದರೂ ಸರಿ, ಜನರ ಮುಂದೆ ನಡೆದುಹೋಗುವುದು ಅವಳಿಗೆ ಬೇಡ.

ಅಪ್ಪನ ಬಗ್ಗೆ ಅವಳಿಗೆ ಒಂದೇ ಒಂದು ವಿಷಯ ಖಚಿತವಾಗಿತ್ತು: ಅವರಿಗೆ ಮಗಳ ಕಾಲಿನ ಬಗ್ಗೆ ನಾಚಿಕೆ. ಅಣ್ಣ ಶಶಿಕುಮಾರನನ್ನು ರಜೆ ಬಂದಾಗಲೆಲ್ಲ ಹಳ್ಳಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಅವನಿಗೆ ಸಂಗೀತ ಹತ್ತಲಿಲ್ಲ, ಕಡಲೆಕಾಯಿ ತಿಂದು ವಾಪಸ್ ಬರುತ್ತಿದ್ದ. ಸ್ವರ ಹತ್ತಿದ್ದು ಕೋಮಲಾಗೆ. ಮನೆಯಲ್ಲಿದ್ದಷ್ಟು ದಿನ ಅವಳನ್ನು ಎದುರಿಗೆ ಕೂರಿಸಿಕೊಂಡು ಪೆಟ್ಟಿಗೆ ಕಲಿಸಿದರು. ಆದರೆ "ನಾನೂ ಬತ್ತೀನಪ್ಪ" ಎಂದರೆ ಪ್ರತಿ ಸಲವೂ ಒಂದೇ ಮಾತು: "ಬೇಡ ಕಣಮ್ಮ, ಬಸ್ಸಿಳಿದು ಬಲು ದೂರ ನಡೀಬೇಕು." ಮುಂದೆ ಹಳ್ಳಿ ಬಾಗಿಲಿಗೇ ಬಸ್ಸು ಬಂತು, ಜೀಪು ಬಂತು. ಮಾತು ಮಾತ್ರ ಬದಲಾಗಲಿಲ್ಲ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು, ಪೆಟ್ಟಿಗೆ ಮುಟ್ಟುವುದನ್ನೂ ಬಿಟ್ಟಳು.

ಮೇಷ್ಟ್ರು ತೀರಿಕೊಂಡು ವರ್ಷ ತುಂಬುತ್ತಿರುವಾಗ ತಳಿಯ ಆಚೆಯ ಹಳ್ಳಿಯಿಂದ ದೊಡ್ಡವೆಂಕಟಪ್ಪ ಬಂದ. ಮೇಷ್ಟ್ರ ಹಳೆಯ ಶಿಷ್ಯ. ಪ್ರಾಯದಲ್ಲಿ ರಾಜಪಾರ್ಟು, ಅಂದರೆ ರಾಜನ ವೇಷ, ಹಾಕಿ ಮೆರೆದವನು. ಈಗ ಗುಲಾಬಿ ತೋಟ ನೋಡಿಕೊಂಡಿದ್ದಾನೆ. ಒಂದು ಚೀಲ ಎಲೆಕೋಸನ್ನು ಬಾಗಿಲಲ್ಲಿ ಇಳಿಸಿ, ಫೋಟೊಗೆ ಕೈಮುಗಿದು, ಬಂದ ವಿಷಯ ಹೇಳಿದ.

"ಮೇಷ್ಟ್ರ ಎಸರಲ್ಲಿ ನಮ್ಮ ಉಡುಗ್ರು ನಾಟ್ಕ ಕಟ್ಟವ್ರೆ ಕಣವ್ವ. ಎಲ್ಲಾ ಫ್ಯಾಕ್ಟ್ರಿ ಉಡುಗ್ರು, ಭಾನುವಾರ ಮದ್ಯಾನ ಪ್ರಾಕ್ಟೀಸು. ಮೇಷ್ಟ್ರ ಪೆಟ್ಟಿಗೇನೇ ಬೇಕು ಅಂತಾವ್ರೆ. ಪೆಟ್ಟಿಗೆ ಒಂದೇ ಬಂದ್ರೆ ಅದು ಅನಾಥ, ಮನೆಯವ್ರೂ ಬರ್ಬೇಕು."

"ಅಣ್ಣ ತಗೊಂಡು ಬತ್ತಾನೆ" ಎಂದಳು ಕೋಮಲಾ. ಅಣ್ಣನಿಗೆ ಆ ಭಾನುವಾರ ಕೆಲಸದಲ್ಲಿ ಓವರ್‌ಟೈಮ್ ಬಿತ್ತು. ಹಳ್ಳಿಯವರು ಯಾರಾದರೂ ಬಂದು ಪೆಟ್ಟಿಗೆ ಒಯ್ಯಲಿ ಎಂದು ಅವಳು ಹೇಳುವಷ್ಟರಲ್ಲಿ ಪಾರ್ವತಮ್ಮ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಬದುಕೆಲ್ಲ ಬೈದ ಗಂಡನ ಕೆಲಸವನ್ನು ಒಂದು ಸಲವಾದರೂ ಕಣ್ಣಾರೆ ನೋಡುವ ಆಸೆ ಮುದುಕಿಗೆ. ಆಕೆಯನ್ನು ಒಬ್ಬಳನ್ನೇ ಕಳಿಸುವುದು ಹೇಗೆ? ಕೋಮಲಾ ಪೆಟ್ಟಿಗೆ ಕೊಟ್ಟು ಕೂಡಲೇ ವಾಪಸಾಗುವ ಕರಾರು ಹಾಕಿ ಹೊರಟಳು.

ತಳಿವರೆಗೆ ಬಸ್ಸು, ಅಲ್ಲಿಂದ ಜೀಪು. ಭಜನೆ ಮನೆಯ ಮುಂದೆ ಇಳಿದಾಗ ಒಳಗೆ ಆಗಲೇ ತಬಲ ಕೇಳುತ್ತಿತ್ತು. ಹುಡುಗರು ಓಡಿಬಂದು ಪೆಟ್ಟಿಗೆ ಇಳಿಸಿಕೊಂಡರು. ಬಾಗಿಲಿನಿಂದ ಎದುರು ಗೋಡೆಯ ಕುರ್ಚಿಯವರೆಗೆ ಕೋಮಲಾ ಎಲ್ಲರ ಮುಂದೆ ನಡೆಯಬೇಕಾಯಿತು. ತೊಡೆಯ ಮೇಲೆ ಕೈ ಊರಿ, ತಲೆ ತಗ್ಗಿಸಿ ನಡೆದು ಕೂತಳು. ಜನ ದಾರಿ ಬಿಟ್ಟರು.

ಪೆಟ್ಟಿಗೆಗೆ ಅರಿಸಿನ ಕುಂಕುಮ ಇಟ್ಟು ಕರ್ಪೂರ ಬೆಳಗಿದರು. ದೊಡ್ಡವೆಂಕಟಪ್ಪ ಅದರ ಮುಂದೆ ಕೂತು ಶ್ರುತಿ ಹಿಡಿದ. "ಮುನೀಶ, ನಿನ್ನ ಪದ ಬರ್ಲಿ ಕಣ್ಲಾ. ಮೇಷ್ಟ್ರ ಮನೆಯವ್ರು ಬಂದವ್ರೆ, ಮಾನ ಕಳೀಬೇಡ."

ಮುನೀಶ್ ಲಾರಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟು ಆಳು, ಈ ಸಲದ ರಾಜಪಾರ್ಟು. ಯುದ್ಧಕ್ಕೆ ಹೊರಡುವ ಮೊದಲು ರಾಜ ಒಬ್ಬನೇ ಅರಮನೆಯಲ್ಲಿ ಅಡ್ಡಾಡುತ್ತ ಹಾಡುವ ಪದ ಅದು. ಏಳು ಎಣಿಕೆಯ ತಾಳ. ತಕಿಟ ಎಂದು ಮೂರು, ತಕದಿಮಿ ಎಂದು ನಾಲ್ಕು. ಸಮವಿಲ್ಲದ ತಾಳವಾದ್ದರಿಂದ ಹೊಲ ಉಳುವವರಿಗೂ ಲಾರಿ ಜೋಡಿಸುವವರಿಗೂ ಅದು ಸುಲಭಕ್ಕೆ ಬಗ್ಗದು. ಮುನೀಶ್ ದನಿ ಎತ್ತಿದ. ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ ತೊಡೆಯ ಮೇಲೆ ಕೈ ಊರಿ, ಸೊಂಟ ಓರೆ ಮಾಡಿ, ಕುಂಟುತ್ತ ನಡೆಯತೊಡಗಿದ.

ಕೋಮಲಾಗೆ ಮೈಯೆಲ್ಲ ಉರಿಯಿತು. ಈಗ ತಾನೇ ಅದೇ ನೆಲದ ಮೇಲೆ ಅವಳು ಹಾಗೇ ನಡೆದು ಬಂದಿದ್ದಳು. ಶಾಲೆಯ ದಾರಿಯಲ್ಲಿ ಹಿಂದಿನಿಂದ ಹುಡುಗರು ಇದೇ ರೀತಿ ಆಡಿಕೊಂಡಿದ್ದನ್ನು ಕಂಡಿದ್ದಳು. ಆಗ ತಿರುಗಿ ಮಾತಾಡುವ ಧೈರ್ಯವಿರಲಿಲ್ಲ. ಈಗಿತ್ತು.

"ನಿಲ್ಸಪ್ಪ" ಎಂದಳು. ತಬಲ ನಿಂತಿತು. "ಪೆಟ್ಟಿಗೆ ಕೇಳಿದ್ರಿ, ತಂದುಕೊಟ್ಟೆ. ಊರಿಗೆ ಕರೆದು ಕೂರ್ಸಿ ನನ್ನ ನಡಿಗೇನ ಆಡ್ಕೋತೀರಾ? ಇದೇ ಏನು ನಮ್ಮಪ್ಪ ನಿಮಗೆ ಕಲ್ಸಿದ್ದು?"

ಮುನೀಶ್ ಎತ್ತಿದ ಕಾಲು ಎತ್ತಿದಂತೆಯೇ ನಿಂತ. ಅವನ ಮುಖದಲ್ಲಿ ನಗೆಯಿರಲಿಲ್ಲ, ಬರೀ ಗಾಬರಿ. ಯಾಕೆ ಬೈಸಿಕೊಂಡೆ ಎಂದು ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಅವಳ ಕಾಲನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ, ಆಮೇಲೆ ದೊಡ್ಡವೆಂಕಟಪ್ಪನ ಕಡೆ ತಿರುಗಿದ.

"ತಾತಾ, ಈ ಪದಕ್ಕೆ ಇಂಗೇ ಅಲ್ವಾ ನಡ್ಯೋದು? ನೀನೇ ತಾನೆ ಏಳ್ಕೊಟ್ಟಿದ್ದು?"

ದೊಡ್ಡವೆಂಕಟಪ್ಪ ಪೆಟ್ಟಿಗೆಯ ತಿದಿ ಮುಚ್ಚಿ ಎದ್ದ. "ಕಾಲಿಗೆ ಬೀಳ್ತೀನಿ ಕಣವ್ವ, ಆಡ್ಕೊಂಡಿದ್ದಲ್ಲ. ಆ ಪದಕ್ಕೆ ರಾಜಪಾರ್ಟು ಅಂಗೇ ನಡೀಬೇಕು. ಮೇಷ್ಟ್ರು ಕಲ್ಸಿರೋ ಯಾವ ಊರಿಗೆ ಬೇಕಾದ್ರೂ ಓಗಿ ನೋಡು. ಕೆಲಮಂಗಲದ ಕಡೆ ತೆಲುಗು ನಾಟ್ಕದಲ್ಲೂ ರಾಜ ಇಂಗೇ ನಡ್ಯೋದು. ಅತ್ತಿಬೆಲೆ ಕಡೆಯೋರು ನೋಡಿ ನಗ್ತಾರೆ, ತಳಿ ಸೀಮೆ ರಾಜಂಗೆ ಯುದ್ಧಕ್ಕೆ ಮುಂಚೇನೇ ಕಾಲು ಮುರಿದದೆ ಅಂತ. ನಗ್ಲಿ ಅಂತ ಬುಟ್ಟಿದ್ದೀವಿ."

"ನಮ್ಮಪ್ಪ ಹಿಂಗೆ ನಡೆದು ತೋರಿಸಿದ್ರಾ?"

"ನಂಗೆ ಈ ತಾಳ ತಲೆಗೆ ಅತ್ತಲಿಲ್ಲ. ಮೇಷ್ಟ್ರು ಬಾಯಲ್ಲಿ ಏಳಿ ಏಳಿ ಸಾಕಾಗಿ, ಎದ್ದು ನಿಂತು, ತೊಡೆ ಮೇಲೆ ಕೈ ಇಟ್ಟು ಇಂಗೆ ನಡೆದ್ರು." ಮುದುಕ ನಡೆದು ತೋರಿಸಿದ. "ತಾಳ ಕಿವೀಲಿ ಕೇಳ್ಬೇಡ ಕಣ್ಲಾ, ಕಾಲಲ್ಲಿ ಕೇಳು, ಅಂದ್ರು. ಸಮ ಎಜ್ಜೆ ಎಲ್ರೂ ಆಕ್ತಾರೆ, ಈ ಎಜ್ಜೆ ಕಲಿಯಕ್ಕೆ ನಾನೇ ಒಬ್ಬರ ಹಿಂದೆ ವರ್ಸಗಟ್ಲೆ ತಿರುಗಿದೀನಿ, ಅಂತಿದ್ರು. ಯಾರೋ ದೊಡ್ಡ ಇದ್ವಾಂಸರು ಇರ್ಬೇಕು ಅಂತ ನಾವು ಅಂದ್ಕೊಂಡ್ವಿ."

ದೊಡ್ಡವೆಂಕಟಪ್ಪನ ಹೆಜ್ಜೆಯನ್ನು ಕೋಮಲಾ ನೋಡಿದಳು. ಎಡಗಾಲ ಮೇಲೆ ಮೂರು, ಬಲಗಾಲ ಮೇಲೆ ನಾಲ್ಕು. ಹೆಜ್ಜೆ ಇಡುವ ಮೊದಲು ಹೆಬ್ಬೆರಳನ್ನು ನೆಲಕ್ಕೆ ಸೋಕಿಸುವ ಅಭ್ಯಾಸ ಕೂಡ ಅವಳದೇ. ಅದು ತನಗಿದೆ ಎಂದು ಅವಳಿಗೂ ಯಾವಾಗಲೋ ಒಮ್ಮೆ ಮಾತ್ರ ಗೊತ್ತಾಗಿತ್ತು.

ಪಾರ್ವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾತು ತೆಗೆದಾಗ ಎಂದಿನ ಜೋರು ಇರಲಿಲ್ಲ.

"ಜ್ವರ ಬಿಟ್ಟ ಮೇಲೆ ನೀನು ತಿರುಗಾ ನಡ್ಯೋಕೆ ಶುರು ಮಾಡ್ದಲ್ಲ, ಆಗ ನಿಮ್ಮಪ್ಪ ಯಾವೂರಿಗೂ ಹೋಗ್ದೆ ಮನೇಲೇ ಇದ್ರು. ನಿನ್ನ ಹಿಂದೇನೇ ನಡೀತಿದ್ರು, ನಿನ್ನಂಗೇ ತೊಡೆ ಮೇಲೆ ಕೈ ಇಟ್ಕೊಂಡು, ಬಾಯಲ್ಲಿ ಏನೋ ಎಣಿಸ್ಕೊಂಡು. ಹೆತ್ತ ಮಗೀನ ಅಣಕಿಸ್ತೀರಾ ಅಂತ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಅಣಕಿಸ್ತಿಲ್ಲ ಕಣೇ, ಕಲೀತಾ ಇದೀನಿ ಅಂದ್ರು. ನಾನೆಲ್ಲಿ ನಂಬ್ಲಿ? ಮಗಳು ಕಂಡ್ರೆ ನೊಂದ್ಕೋತಾಳೆ, ಯಾವತ್ತಾದ್ರೂ ಅವಳ ಕಣ್ಣಿಗೆ ಇದು ಬಿದ್ರೆ ತವರಿಗೆ ಹೋಗ್ಬುಡ್ತೀನಿ ಅಂದೆ."

ಹಾಗಾದರೆ ಅದು ಬಸ್ಸಿಳಿದು ನಡೆಯುವ ದಾರಿಯ ಮಾತಾಗಿರಲಿಲ್ಲ. ಊರೂರಿನ ಭಜನೆ ಮನೆಗಳಲ್ಲಿ ಮೀಸೆ ಹೊತ್ತ ಗಂಡಸರು ಸಾಲಾಗಿ ಮಗಳ ನಡಿಗೆ ನಡೆಯುತ್ತಿದ್ದಾಗ, ಅದನ್ನು ಅವಳು ಕಂಡುಬಿಟ್ಟರೆ ಎಂಬ ಹೆದರಿಕೆ ಅಪ್ಪನಿಗೆ. ಹೆದರಿದ್ದೂ ಸರಿಯೇ ಎಂದು ಕೋಮಲಾಗೆ ಅನ್ನಿಸಿತು. ಈಗ ತಾನೇ ಕಂಡು, ಎಗರಾಡಿದ್ದಳಲ್ಲ. ಅಪ್ಪನ ಮೇಲಿನ ಸಿಟ್ಟು ಅಲ್ಲಿಗೇ ಇಳಿಯಿತೆಂದೇನೂ ಅಲ್ಲ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮೂರು ಭಾಷೆಯವರಿಗೆ ಹಾಡು ಹೇಳಿಕೊಟ್ಟ ಮನುಷ್ಯನಿಗೆ ಮಗಳಿಗೆ ಹೇಳಲು ಯಾವ ಭಾಷೆಯೂ ಸಿಗಲಿಲ್ಲವೇ? ಸಿಟ್ಟಿನ ಜೊತೆಗೇ ಅಳು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಅತ್ತಳು. ಪಾರ್ವತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು.

ತಬಲದ ಗಿರಿ ಸುಮ್ಮನೆ ಕೂರಲಾರದೆ ತಬಲದ ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಶ್ರುತಿ ಸರಿಮಾಡತೊಡಗಿದ. ಯಾರೋ ನೀರು ತಂದುಕೊಟ್ಟರು. ಹೊರಗೆ ಜೀಪಿನವನು ಹಾರನ್ ಹೊಡೆದ, ಕೂಡಲೇ ವಾಪಸ್ ಹೋಗುವ ಮಾತಾಗಿತ್ತಲ್ಲ.

"ಮೇಷ್ಟ್ರ ಮಗಳು ಬೇಡ ಅಂದ್ರೆ ಆ ನಡಿಗೆ ಬುಟ್ಬುಡಾನ" ಎಂದ ದೊಡ್ಡವೆಂಕಟಪ್ಪ. "ಮುನೀಶ, ನಿಂತ್ಕೊಂಡೇ ಪದ ಏಳ್ಲಾ."

ಮುನೀಶ್ ನಿಂತು ಹಾಡಿದ. ಎರಡನೇ ಸಾಲಿಗೇ ತಾಳ ತಪ್ಪಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು. ಕೊನೆಗೆ ತನಗೆ ಗೊತ್ತಿಲ್ಲದಂತೆಯೇ ಅವನ ಕೈ ತೊಡೆಗೆ ಹೋಯಿತು, ಬಲಗಾಲು ಕುಂಟಿತು, ಕೂಡಲೇ ನಾಲಗೆ ಕಚ್ಚಿಕೊಂಡು ನಿಂತುಬಿಟ್ಟ. ಕೋಮಲಾ ಕಣ್ಣೊರೆಸಿಕೊಂಡು ಅವನನ್ನೇ ನೋಡುತ್ತಿದ್ದಳು.

"ಬಲಗಾಲಲ್ಲಪ್ಪ" ಎಂದಳು. "ಎಡಗಾಲು. ಎಡಗಾಲ ಮೇಲೆ ಮೂರೇ ಎಣಿಕೆ ನಿಲ್ಲೋದು, ಅದಕ್ಕಿಂತ ಜಾಸ್ತಿ ಅದು ಹೊರೋದಿಲ್ಲ. ಬಲಗಾಲು ನಾಲ್ಕು ಹೊರುತ್ತೆ. ಕಾಲು ತಪ್ಪಿದ್ರೆ ತಾಳ ಎಲ್ಲಿಂದ ಬರ್ಬೇಕು?"

"ತಿಳೀಲಿಲ್ಲ ಅಕ್ಕ."

ಕೋಮಲಾ ಚಪ್ಪಲಿಯನ್ನು ಕುರ್ಚಿಯ ಕೆಳಗೆ ಬಿಟ್ಟು ಎದ್ದಳು. ಪಾರ್ವತಮ್ಮ ಕೈ ಹಿಡಿಯಲು ಬಂದರು, ಬೇಡವೆಂದು ತಲೆಯಾಡಿಸಿದಳು. ತೊಡೆಯ ಮೇಲೆ ಕೈ ಊರಿ ಭಜನೆ ಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನಡೆದಳು. ಈ ಸಲ ತಲೆ ತಗ್ಗಿಸಲಿಲ್ಲ. ಗಿರಿ ಅವಳ ಕಾಲನ್ನೇ ನೋಡಿಕೊಂಡು ತಬಲ ಹಿಡಿದ. ತಕಿಟ ತಕದಿಮಿ, ತಕಿಟ ತಕದಿಮಿ. ಅವಳ ಹಿಂದೆ ಮುನೀಶ್, ಮುನೀಶನ ಹಿಂದೆ ಇನ್ನಿಬ್ಬರು ಪಾತ್ರಧಾರಿಗಳು, ಎಲ್ಲರೂ ತೊಡೆಯ ಮೇಲೆ ಕೈಯಿಟ್ಟು, ಸೊಂಟ ಓರೆ ಮಾಡಿ ಕುಂಟುತ್ತ ಬಂದರು. ದೊಡ್ಡವೆಂಕಟಪ್ಪ ಪೆಟ್ಟಿಗೆಯಲ್ಲಿ ಪದ ಎತ್ತಿದ. ಗೋಡೆ ಮುಟ್ಟುವ ಹೊತ್ತಿಗೆ ಮುನೀಶನಿಗೆ ತಾಳ ಸಿಕ್ಕಿತ್ತು.

ಜೀಪಿನವನು ಮತ್ತೊಮ್ಮೆ ಹಾರನ್ ಹೊಡೆದ.

"ಅಕ್ಕ, ಇನ್ನೊಂದು ಕಿತ ನಡೀರಿ" ಎಂದ ಮುನೀಶ್. "ಹೆಬ್ಬೆರಳು ಇಡೋದು ಸರಿಯಾಗಿ ಕಾಣ್ಲಿಲ್ಲ."

ಕೋಮಲಾ ಕಾಲು ಕಾಣುವಂತೆ ಸೀರೆಯ ನಿರಿಗೆಯನ್ನು ತುಸು ಎತ್ತಿ ಹಿಡಿದು, ಇನ್ನೊಂದು ಸಲ ನಡೆದಳು.