ಮೊದಲು ಒಪ್ಪಿದವರು

ಕಾರ್ಖಾನೆ ಮುಚ್ಚಿದ ಮೇಲೆ ಊರು ಕರಗುತ್ತಾ ಬಂತು. ನದಿಯಾಚೆಯ ಐದಂತಸ್ತಿನ ಕಟ್ಟಡಗಳಲ್ಲಿ ಅಂತಸ್ತಿಗೆ ಎರಡು ಸಂಸಾರ ಉಳಿದಿದ್ದರೆ ಹೆಚ್ಚು. ಅವನ್ನು ಕೆಡವಿ ಪಾರ್ಕು ಮಾಡುವುದು, ಅಲ್ಲಿದ್ದವರನ್ನು ಊರ ನಡುವೆ ಖಾಲಿ ಬಿದ್ದ ಮನೆಗಳಿಗೆ ತರುವುದು ಎಂದು ನಗರಸಭೆಯ ಪ್ಲಾನಿಂಗ್ ಸಾಹೇಬ ಯೋಜನೆ ಹಾಕಿದ. ಯೋಜನೆಯೇನೋ ಚೆನ್ನಾಗಿಯೇ ಇತ್ತು, ಜನರನ್ನು ಒಪ್ಪಿಸುವುದೇ ತಲೆನೋವು. ಒಬ್ಬರು ಬೇಡವೆಂದರೂ ಕಟ್ಟಡ ಮುಟ್ಟುವಂತಿರಲಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದವಳು ಅವನ ಸ್ವಂತ ಚಿಕ್ಕಮ್ಮ. ಅವಳೂ ಎದುರು ಮನೆಯ ಟೀಚರಮ್ಮನೂ ಒಂದೇ ಜೀವ ಎನ್ನುವಂತಿದ್ದವರು. ಸಾಹೇಬನಿಗೆ ಬುದ್ಧಿ ಓಡಿತು. ಚಿಕ್ಕಮ್ಮ ಆಗಲೇ ಒಪ್ಪಿದ್ದಾಳೆ, ಹೇಳಲು ಸಂಕೋಚ, ನೀವಾಗಿ ಕೇಳಬೇಡಿ ಎಂದು ಟೀಚರಮ್ಮನಿಗೆ ಹೇಳಿದ. ಚಿಕ್ಕಮ್ಮನ ಹತ್ತಿರ ಹೋಗಿ, ಟೀಚರಮ್ಮ ಆಗಲೇ ಒಪ್ಪಿದ್ದಾರೆ ಎಂದು ಅದೇ ಮಾತನ್ನು ತಿರುಗಿಸಿ ಹೇಳಿದ. ಇದನ್ನು ನಾವು ನೀವು ಸುಳ್ಳು ಎನ್ನುತ್ತೇವೆ. ಅವನ ಕಚೇರಿಯಲ್ಲಿ ಮನವೊಲಿಕೆ ಎನ್ನುತ್ತಾರೆ. ಇಬ್ಬರೂ ಒಂದೇ ವಾರದಲ್ಲಿ ಸಹಿ ಹಾಕಿದರು, ಮಿಕ್ಕವರು ಅವರ ಹಿಂದೆಯೇ ಬಂದರು. ಮೇಲಧಿಕಾರಿಗಳು ಬೆನ್ನು ತಟ್ಟಿದಾಗ ಅವನು ಸ್ವಲ್ಪ ಬೀಗಿದ್ದೂ ನಿಜ.

ಕಟ್ಟಡ ನೆಲಸಮವಾದ ಮೇಲೆ, ಹೊಸ ಮನೆಗಳ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಪಾರ್ಕಿನ ನಕ್ಷೆ ತೋರಿಸುತ್ತಿದ್ದ. ಟೀಚರಮ್ಮ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಚಿಕ್ಕಮ್ಮನ ಕಡೆ ತಿರುಗಿ ಕೇಳಿಯೇಬಿಟ್ಟರು.

"ನನಗೊಂದು ಮಾತೂ ಹೇಳ್ದೆ ಹೇಗ್ರೀ ಒಪ್ಕೊಂಡ್ರಿ? ನೀವು ಹೊರಟ್ರಿ ಅಂತಾನೇ ನಾನು ಸಹಿ ಹಾಕಿದ್ದು."

ಚಿಕ್ಕಮ್ಮ ಸಾಹೇಬನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿಹೋಯಿತು, ಅದು ಅವನಿಗೂ ಗೊತ್ತಾಯಿತು. ಈಗ ಎಲ್ಲರೆದುರು ಮಾನ ಹೋಯಿತು ಎಂದು ತಲೆ ತಗ್ಗಿಸಿದ.

"ಹೌದು, ನಾನೇ ಮೊದಲು ಒಪ್ಪಿದ್ದು," ಎಂದಳು ಚಿಕ್ಕಮ್ಮ. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ತಪ್ಪಾಯ್ತು."

ಟೀಚರಮ್ಮ ಎದ್ದು ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು. ಚಿಕ್ಕಮ್ಮನ ಪಕ್ಕದ ಕುರ್ಚಿ ಖಾಲಿಯಾಯಿತು.

ಸುಳ್ಳು ನನ್ನದು ಎನ್ನಲು ಅವನಿಗೆ ಆಗಲೂ ಹೊತ್ತು ಮೀರಿರಲಿಲ್ಲ. ಅಷ್ಟೂ ಜನ ತನ್ನನ್ನೇ ನೋಡುತ್ತಿರುವಾಗ ಬಾಯಿ ತೆರೆದ.

"ಇಲ್ಲಿ ಮಕ್ಕಳ ಆಟದ ಜಾಗ ಬರುತ್ತೆ," ಎಂದು ನಕ್ಷೆಯ ಮೇಲೆ ಬೆರಳಿಟ್ಟ.

ಚಿಕ್ಕಮ್ಮ ತಲೆಯಾಡಿಸುತ್ತಾ, ಎಲ್ಲರಿಗಿಂತ ಗಮನವಿಟ್ಟು ಕೇಳಿದಳು.